ನದಿಯ ಹಾವುಮೀನು: ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು

ಪ್ರಶ್ನೆ: ಮನೆ ಹತ್ತಿರದ ನದಿಯಲ್ಲಿ ರಾತ್ರಿ ಗಾಳ ಹಾಕಿದಾಗ ಆಗಾಗ ಹಾವುಮೀನು ಸಿಗುತ್ತದೆ. ಇಷ್ಟು ದಿನ ವಾಪಸ್ ಬಿಡುತ್ತಿದ್ದೆ. ಈಗ ಒಮ್ಮೆ ತಿಂದು ನೋಡಬೇಕು ಅನ್ನಿಸಿದೆ. ಅದರ ರಕ್ತವೇ ವಿಷ ಅಂತ ಒಬ್ಬರು ಹೇಳುತ್ತಾರೆ. ಅದರಷ್ಟು ರುಚಿ ಬೇರೆ ಮೀನಿಗಿಲ್ಲ ಅಂತ ಇನ್ನೊಬ್ಬರು. ಯಾವುದು ನಿಜ? ಹಿಡಿಯುವ ಸರಿಯಾದ ಕ್ರಮ ಯಾವುದು? ಆ ಲೋಳೆ ತೆಗೆದು ಶುಚಿ ಮಾಡುವುದು ಹೇಗೆ?

ಉತ್ತರ: ಇಬ್ಬರು ಹೇಳಿದ್ದೂ ನಿಜ. ಹಾವುಮೀನಿನ ಹಸಿ ರಕ್ತದಲ್ಲಿ ವಿಷವಿದೆ. ಚೆನ್ನಾಗಿ ಬೇಯಿಸಿದರೆ ಆ ವಿಷ ಹೋಗುತ್ತದೆ, ಮಾಂಸವೂ ಬಹಳ ರುಚಿ. ಹಾಗಾಗಿ ತಿನ್ನಬಹುದಾ ಅನ್ನುವ ಪ್ರಶ್ನೆಗೆ ಉತ್ತರ ಸುಲಭ. ಯಾವ ಮೀನನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಅನ್ನೋದು ಅಷ್ಟು ಸುಲಭ ಅಲ್ಲ. ನನ್ನ ಉತ್ತರದಲ್ಲಿ ಅದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಯಾಕೆಂದರೆ ಈ ಮೀನಿನ ಬದುಕು ನದಿಯ ಬೇರೆ ಮೀನುಗಳ ಹಾಗಿಲ್ಲ.

ಮೊದಲು ಗಾಳಕ್ಕೆ ಬಿದ್ದದ್ದು ಏನು ಅಂತ ಟಾರ್ಚ್ ಹಾಕಿ ಸರಿಯಾಗಿ ನೋಡಿ. ಹಾವಿನ ಹಾಗೆ ಉದ್ದಕ್ಕೆ ಇರುವುದೆಲ್ಲ ಒಂದೇ ಜಾತಿಯಲ್ಲ. ನಿಜವಾದ ಹಾವುಮೀನು ಆಂಗ್ವಿಲ್ಲ ಅನ್ನುವ ಕುಲಕ್ಕೆ ಸೇರಿದ್ದು. ಅದರ ತಲೆಯ ಹಿಂದೆ ಎರಡೂ ಪಕ್ಕದಲ್ಲಿ ಚಿಕ್ಕ ರೆಕ್ಕೆಗಳಿರುತ್ತವೆ. ಬೆನ್ನಿನ ರೆಕ್ಕೆ ಬಾಲದ ತುದಿಯನ್ನು ಸುತ್ತಿಕೊಂಡು ಹೊಟ್ಟೆ ಕಡೆಯ ರೆಕ್ಕೆಗೆ ಸೇರಿ ಒಂದೇ ಪಟ್ಟಿಯಾಗಿರುತ್ತದೆ. ಮೂತಿ ಚೂಪಾಗಿದ್ದು ಬೆನ್ನಿನುದ್ದಕ್ಕೂ ಬಿಡಿಬಿಡಿ ಮುಳ್ಳುಗಳಿದ್ದರೆ ಅದು ಮುಳ್ಳು ಹಾವುಮೀನು, ಬೇರೆ ಕುಟುಂಬದ್ದು. ಪಕ್ಕದ ರೆಕ್ಕೆಯೇ ಇಲ್ಲ, ಗಂಟಲ ಕೆಳಗೆ ಕಿವಿರಿನ ಸೀಳು ಒಂದೇ ಒಂದು ಇದೆ ಅಂದರೆ ಅದು ಕೆಸರು ಗದ್ದೆಯಲ್ಲಿ ಬಿಲ ತೋಡಿಕೊಂಡಿರುವ ಜಾತಿ. ಇವೆರಡನ್ನೂ ಜನ ತಿನ್ನುತ್ತಾರೆ. ಇವು ಸಿಹಿನೀರಿನಲ್ಲೇ ಹುಟ್ಟಿ, ಸಿಹಿನೀರಿನಲ್ಲೇ ಮರಿ ಮಾಡುವ ಮೀನುಗಳು. ಆದರೆ ಕೆಸರಿನ ಜಾತಿಯಲ್ಲಿ ನ್ಯಾಥೋಸ್ಟೋಮ ಅನ್ನುವ ಹುಳುವಿನ ಮರಿ ಇರಬಹುದು. ಅರೆಬೆಂದದ್ದನ್ನು ತಿಂದರೆ ಅದು ಮನುಷ್ಯರ ಚರ್ಮದಡಿ, ಕೆಲವೊಮ್ಮೆ ಕಣ್ಣು, ಮಿದುಳಿನವರೆಗೂ ಓಡಾಡುತ್ತದೆ. ಅದನ್ನು ಯಾವತ್ತೂ ಅರೆಬೇಯಿಸಿ ತಿನ್ನಬೇಡಿ.

ಇನ್ನು ಆಂಗ್ವಿಲ್ಲ ವಿಷಯಕ್ಕೆ ಬರೋಣ. ಇದು ಹುಟ್ಟುವುದು ನದಿಯಲ್ಲಲ್ಲ, ನಡು ಸಮುದ್ರದಲ್ಲಿ. ಯುರೋಪಿನ ಹಾವುಮೀನು, ಅಮೆರಿಕದ ಹಾವುಮೀನು ಎರಡೂ ಅಟ್ಲಾಂಟಿಕ್‌ನ ಸರ್ಗಾಸೋ ಸಮುದ್ರದಲ್ಲಿ ಹುಟ್ಟುತ್ತವೆ. ಜಪಾನಿನ ಜಾತಿ ಹುಟ್ಟುವುದು ಮರಿಯಾನ ದ್ವೀಪಗಳ ಪಶ್ಚಿಮಕ್ಕೆ. ಭಾರತದ ನದಿಗಳಲ್ಲಿ ಸಿಗುವ ಬೆಂಗಾಲೆನ್ಸಿಸ್ ಮತ್ತು ಬೈಕಲರ್ ಜಾತಿಗಳೂ ಸಮುದ್ರದಿಂದಲೇ ಬರುತ್ತವೆ. ಮೊಟ್ಟೆಯಿಂದ ಹೊರಬಂದ ಮರಿ ಎಲೆಯ ಹಾಗೆ ಚಪ್ಪಟೆ, ಪಾರದರ್ಶಕ. ಸಮುದ್ರದ ಹರಿವಿನಲ್ಲಿ ತೇಲುತ್ತಾ ಬಂದು, ತೀರ ಹತ್ತಿರವಾದಾಗ ಬೆರಳುದ್ದದ ಗಾಜಿನ ಬಣ್ಣದ ಮರಿಯಾಗಿ ರೂಪ ಬದಲಿಸಿ, ಅಳಿವೆಯಿಂದ ನದಿಗೆ ಏರುತ್ತದೆ. ಆಮೇಲೆ ವರ್ಷಗಟ್ಟಲೆ ನದಿಯಲ್ಲೇ ಬೆಳೆಯುತ್ತದೆ. ಕೆಲವು ಜಾತಿಗಳಲ್ಲಿ ಹೆಣ್ಣು ಹತ್ತಾರು ವರ್ಷ ನದಿಯಲ್ಲೇ ಇರುವುದುಂಟು. ಕೊನೆಗೆ ಒಂದು ದಿನ ಊಟ ಬಿಟ್ಟು, ಬಣ್ಣ ಬದಲಿಸಿ, ಸಮುದ್ರಕ್ಕೆ ಹೊರಡುತ್ತದೆ. ಅಲ್ಲಿ ಒಂದೇ ಒಂದು ಸಲ ಮೊಟ್ಟೆ ಇಡುತ್ತದೆ, ಸಾಯುತ್ತದೆ.

ಇದರ ಅರ್ಥ ಏನು ಅಂತ ಒಂದು ಕ್ಷಣ ಯೋಚಿಸಿ. ನಿಮ್ಮ ಗಾಳಕ್ಕೆ ಬಿದ್ದ ಹಾವುಮೀನು ಎಷ್ಟೇ ದೊಡ್ಡದಿರಲಿ, ಎಷ್ಟೇ ವಯಸ್ಸಾಗಿರಲಿ, ಅದು ಇನ್ನೂ ಒಂದು ಸಲವೂ ಮೊಟ್ಟೆ ಇಟ್ಟಿಲ್ಲ. ಬೇರೆ ಮೀನುಗಳಲ್ಲಿ "ಒಂದೆರಡು ಸಲ ಮರಿ ಮಾಡಿದೆ, ಇನ್ನು ಹಿಡಿಯಬಹುದು" ಅನ್ನುವ ಲೆಕ್ಕ ನಡೆಯುತ್ತದೆ. ಕನಿಷ್ಠ ಅಳತೆ ಅನ್ನುವ ನಿಯಮದ ಹಿಂದೆ ಇರುವುದೂ ಅದೇ ಲೆಕ್ಕ. ಹಾವುಮೀನಿಗೆ ಅದು ಹೊಂದುವುದಿಲ್ಲ. ನದಿಯಲ್ಲಿ ಸಿಗುವುದೆಲ್ಲ ಇನ್ನೂ ಸಂತಾನ ಕಾಣದ ಮೀನೇ.

ಇದೇ ಕಾರಣಕ್ಕೆ ಶತಮಾನಗಳ ಕಾಲ ವಿದ್ವಾಂಸರಿಗೂ ಇದರ ಗುಟ್ಟು ಸಿಗಲಿಲ್ಲ. ಇದು ಕೆಸರಿನಿಂದಲೇ ಹುಟ್ಟುತ್ತದೆ ಅಂತ ಅರಿಸ್ಟಾಟಲ್ ನಂಬಿದ್ದ. ಮನಶ್ಶಾಸ್ತ್ರದಿಂದ ಹೆಸರಾದ ಸಿಗ್ಮಂಡ್ ಫ್ರಾಯ್ಡ್ 1876ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಟ್ರಿಯೆಸ್ಟ್ ಊರಿನಲ್ಲಿ ಸುಮಾರು 400 ಹಾವುಮೀನು ಸೀಳಿ ಗಂಡಿನ ವೃಷಣ ಹುಡುಕಿದ. ಸ್ಪಷ್ಟ ಉತ್ತರ ಸಿಗಲಿಲ್ಲ. ಯಾಕೆಂದರೆ ಆ ಅಂಗಗಳು ಪೂರ್ತಿ ಬಲಿಯುವುದು ಸಮುದ್ರದ ಪ್ರಯಾಣದಲ್ಲಿ. ಡೆನ್ಮಾರ್ಕಿನ ಜೀವವಿಜ್ಞಾನಿ ಯೋಹಾನ್ನೆಸ್ ಸ್ಮಿತ್ 1904ರಿಂದ ವರ್ಷಗಟ್ಟಲೆ ಅಟ್ಲಾಂಟಿಕ್‌ನಲ್ಲಿ ಬಲೆ ಎಳೆದು, ಇನ್ನೂ ಚಿಕ್ಕ, ಇನ್ನೂ ಚಿಕ್ಕ ಮರಿ ಸಿಗುವ ದಿಕ್ಕಿಗೆ ಸಾಗಿ, ಇದು ಹುಟ್ಟುವ ಜಾಗ ಸರ್ಗಾಸೋ ಅಂತ ಗುರುತಿಸಿದರು. ಜಪಾನಿನ ಜಾತಿಯ ಮೊಟ್ಟೆ ಸಮುದ್ರದಲ್ಲಿ ಸಿಕ್ಕಿದ್ದು 2009ರಲ್ಲಿ, ತೀರಾ ಈಚೆಗೆ ಅಲ್ವಾ.

ಅಂಗಡಿಯಲ್ಲಿ ಸಿಗುವ ಸಾಕಿದ ಹಾವುಮೀನು ತಿಂದರೆ ನದಿಯದ್ದು ಉಳಿಯುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದೂ ಸರಿಯಲ್ಲ. ಸಾಕಣೆಯ ಮೀನು ಬರುವುದು ಬಹುಮಟ್ಟಿಗೆ ಅಳಿವೆಯಲ್ಲಿ ಹಿಡಿದ ಆ ಗಾಜಿನ ಮರಿಗಳಿಂದಲೇ. ಮೊಟ್ಟೆಯಿಂದ ಮೊಟ್ಟೆಯವರೆಗಿನ ಇಡೀ ಚಕ್ರವನ್ನು ತೊಟ್ಟಿಯಲ್ಲೇ ಪೂರ್ತಿ ಮಾಡಲು ಜಪಾನಿನ ವಿಜ್ಞಾನಿಗಳಿಗೆ ಸಾಧ್ಯವಾದದ್ದು 2010ರಲ್ಲಿ. ಅದಾದ ಮೇಲೂ ಸಾಕಣೆಯವರು ಅಳಿವೆಯಲ್ಲಿ ಹಿಡಿದ ಮರಿಯನ್ನೇ ನೆಚ್ಚಿಕೊಂಡಿದ್ದಾರೆ.

ಹಿಡಿಯುವುದರ ಜೊತೆಗೆ ಅಣೆಕಟ್ಟು, ಟರ್ಬೈನ್, ಕೊಳಕು ನೀರು ಎಲ್ಲ ಸೇರಿ ಇದರ ಸಂಖ್ಯೆ ಬಿದ್ದುಹೋಗಿದೆ. ಯುರೋಪಿನ ಹಾವುಮೀನನ್ನು ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2008ರಲ್ಲೇ ತೀವ್ರ ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿತು. 2014ರಲ್ಲಿ ಜಪಾನಿನ ಮತ್ತು ಅಮೆರಿಕದ ಜಾತಿಗಳೂ ಅಪಾಯದ ಪಟ್ಟಿಗೆ ಬಂದವು. ಐರ್ಲೆಂಡ್ 2009ರಲ್ಲಿ ಹಾವುಮೀನು ಹಿಡಿಯುವುದನ್ನೇ ನಿಲ್ಲಿಸಿತು. ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸ, ನಿಮ್ಮ ನದಿಗೆ ಯಾವ ನಿಯಮವಿದೆ ಅಂತ ಮೀನುಗಾರಿಕೆ ಇಲಾಖೆಯಲ್ಲಿ ಕೇಳುವುದು. ಪರವಾನಗಿ, ಅಳತೆ, ತಿಂಗಳು, ರಾತ್ರಿ ಮೀನು ಹಿಡಿಯುವ ಅನುಮತಿ ಎಲ್ಲ ಕೇಳಿಕೊಳ್ಳಿ. ನಿಷೇಧ ಇದ್ದರೆ ಮಾತು ಅಲ್ಲಿಗೆ ಮುಗಿಯಿತು. ಸಿಕ್ಕಿದ್ದನ್ನು ವಾಪಸ್ ಬಿಡಿ.

ಅನುಮತಿ ಇದೆ ಅಂತ ಇಟ್ಟುಕೊಳ್ಳಿ. ಆಗಲೂ ನನ್ನ ಸಲಹೆ ಇಷ್ಟು. ಮನೆ ಊಟಕ್ಕೆ ಒಂದೋ ಎರಡೋ ಸಾಕು. ಅದೂ ಮಧ್ಯಮ ಗಾತ್ರದ್ದು. ದೊಡ್ಡದನ್ನು ಬಿಟ್ಟುಬಿಡಿ. ಯುರೋಪಿನ ಜಾತಿಯಲ್ಲಿ ಅರ್ಧ ಮೀಟರಿಗಿಂತ ಉದ್ದ ಇರುವುದು ಹೆಚ್ಚುಕಡಿಮೆ ಎಲ್ಲ ಹೆಣ್ಣೇ. ಬೇರೆ ಜಾತಿಗಳಲ್ಲೂ ದೊಡ್ಡವು ಹೆಣ್ಣಾಗಿರುವುದೇ ಜಾಸ್ತಿ. ಒಂದು ದೊಡ್ಡ ಹೆಣ್ಣು ಸಮುದ್ರ ತಲುಪಿದರೆ ಹತ್ತಾರು ಲಕ್ಷ ಮೊಟ್ಟೆ ಇಡಬಲ್ಲದು.

ಹೊರಟು ನಿಂತ ಮೀನನ್ನಂತೂ ಮುಟ್ಟಲೇಬೇಡಿ. ಗುರುತು ಹಿಡಿಯುವುದು ಕಷ್ಟವಿಲ್ಲ. ನದಿಯಲ್ಲಿ ಬೆಳೆಯುತ್ತಿರುವ ಮೀನಿನ ಬೆನ್ನು ಕಂದು ಅಥವಾ ಹಸಿರು ಮಿಶ್ರಿತ ಕಂದು, ಹೊಟ್ಟೆ ಹಳದಿ, ಕಣ್ಣು ಚಿಕ್ಕದು. ಹೊರಟ ಮೀನಿನ ಬೆನ್ನು ಕಪ್ಪಾಗಿರುತ್ತದೆ, ಹೊಟ್ಟೆ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಎರಡರ ನಡುವೆ ಗೆರೆ ಎಳೆದಂತೆ ಸ್ಪಷ್ಟ ವ್ಯತ್ಯಾಸ ಇರುತ್ತದೆ. ಕಣ್ಣು ಎದ್ದು ಕಾಣುವಷ್ಟು ದೊಡ್ಡದಾಗಿರುತ್ತದೆ, ಪಕ್ಕದ ರೆಕ್ಕೆ ಉದ್ದವಾಗಿ ಕಪ್ಪಾಗಿರುತ್ತದೆ. ಈ ಹಂತದಲ್ಲಿ ಅದು ತಿನ್ನುವುದನ್ನೇ ಬಿಟ್ಟಿರುತ್ತದೆ, ಕರುಳು ಕುಗ್ಗಿರುತ್ತದೆ. ಆದ್ದರಿಂದ ಗಾಳಕ್ಕೆ ಬೀಳುವುದು ಅಪರೂಪ. ಅದು ಸಿಕ್ಕಿಬೀಳುವುದು ನೀರು ಏರಿದ ಕತ್ತಲ ರಾತ್ರಿಗಳಲ್ಲಿ, ಹರಿವಿಗೆ ಅಡ್ಡ ಕಟ್ಟಿದ ಬಲೆಗೆ, ಕೂಳಿ ಅನ್ನುವ ಬೋನಿಗೆ. ಅದಕ್ಕೇ ಅಂಥ ಹೊತ್ತಿನಲ್ಲಿ ನದಿಗೆ ಅಡ್ಡವಾಗಿ ಏನನ್ನೂ ಕಟ್ಟಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಇಷ್ಟು ವರ್ಷ ಬದುಕಿ ಉಳಿದು, ಕೊನೆಯ ಪ್ರಯಾಣಕ್ಕೆ ಹೊರಟದ್ದೇ ಅಲ್ಲಿ ಸಾಯುತ್ತದೆ.

ಹಿಡಿಯುವ ಕ್ರಮದ ಬಗ್ಗೆ. ಹಾವುಮೀನು ರಾತ್ರಿ ಓಡಾಡುವ ಪ್ರಾಣಿ. ಹಗಲು ಬೇರಿನ ಸಂದಿ, ಕಲ್ಲಿನಡಿ, ಕೆಸರಿನೊಳಗೆ ಅಡಗಿರುತ್ತದೆ. ಬೆಚ್ಚಗಿನ, ಚಂದ್ರನಿಲ್ಲದ ರಾತ್ರಿ, ನೀರು ಸ್ವಲ್ಪ ಕದಡಿದಾಗ ಜಾಸ್ತಿ ಹೊರಗೆ ಬರುತ್ತದೆ. ನೀರು ಏರುತ್ತಿದ್ದರೆ ದಡದಲ್ಲಿ ಒಬ್ಬರೇ ಕೂರಬೇಡಿ.

ನೀವು ಬಳಸುತ್ತಿರುವುದು ಮಾಮೂಲಿ ಗಾಳ ಅಂತ ಕಾಣುತ್ತದೆ. ಅದರಲ್ಲಿ ಒಂದು ತೊಂದರೆ ಇದೆ. ಹಾವುಮೀನು ಎರೆಹುಳವನ್ನು ಕಚ್ಚಿ ನಿಲ್ಲುವುದಿಲ್ಲ, ನುಂಗಿಬಿಡುತ್ತದೆ. ಕೊಕ್ಕೆ ಹೊಟ್ಟೆಗೆ ಇಳಿದಿರುತ್ತದೆ. ಬಿಡಬೇಕಾದ ಮೀನಾದರೆ ಆಗ ಕೊಕ್ಕೆ ಕೀಳಲು ಹೋಗಬೇಡಿ. ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಿ. ಕೀಳುವುದಕ್ಕಿಂತ ಅದರಲ್ಲಿ ಬದುಕುವ ಸಾಧ್ಯತೆ ಜಾಸ್ತಿ. ತುದಿ ಒಳಕ್ಕೆ ಬಾಗಿದ ದುಂಡು ಕೊಕ್ಕೆ ಹಾಕಿದರೆ ಅದು ಸಾಮಾನ್ಯವಾಗಿ ಬಾಯಿಯ ಮೂಲೆಯಲ್ಲೇ ನಿಲ್ಲುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊಕ್ಕೆಯೇ ಇಲ್ಲದ ಹಳೆಯ ವಿಧಾನ. ಉದ್ದ ಸೂಜಿಗೆ ಒರಟು ಉಣ್ಣೆ ದಾರ ಪೋಣಿಸಿ, ಎರೆಹುಳಗಳನ್ನು ಒಂದಾದ ಮೇಲೊಂದು ಉದ್ದುದ್ದಕ್ಕೆ ದಾರಕ್ಕೆ ಏರಿಸಿ. ಒಂದೆರಡು ಮಾರು ಆದಾಗ ಬೆರಳಿಗೆ ಸುತ್ತಿಕೊಂಡು ಉಂಡೆ ಮಾಡಿ, ನಡುವೆ ಬಿಗಿಯಾಗಿ ಕಟ್ಟಿ. ಆ ಉಂಡೆಯ ಮೇಲೊಂದು ಸೀಸದ ತೂಕ ಕಟ್ಟಿ, ಗಟ್ಟಿ ಕೋಲಿನಿಂದ ತಳ ಮುಟ್ಟುವಂತೆ ಇಳಿಬಿಡಿ. ಹಾವುಮೀನು ಬಂದು ಉಂಡೆಯನ್ನು ಜಗ್ಗುವುದು ಕೈಗೆ ಗೊತ್ತಾಗುತ್ತದೆ. ಅದರ ಹಲ್ಲು ಬಹಳ ಸಣ್ಣ, ಒತ್ತಾಗಿ ಸಾಲು ಸಾಲು. ಉಣ್ಣೆಯ ಎಳೆಗಳಲ್ಲಿ ಅವು ಸಿಕ್ಕಿಕೊಳ್ಳುತ್ತವೆ. ಎಳೆದಾಡದೆ, ನಿಲ್ಲಿಸದೆ, ಒಂದೇ ಸಮನೆ ಮೇಲೆತ್ತಿ. ನೀರಿನಿಂದ ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಅದೇ ಬಿಟ್ಟುಬಿಡುತ್ತದೆ. ಅಷ್ಟರೊಳಗೆ ಅಗಲ ಬಾಯಿಯ ಟಬ್ಬಿನ ಮೇಲೆ ತಂದಿರಬೇಕು. ಬಾಯಿಗೆ ಗಾಯವಿಲ್ಲ, ಹೊಟ್ಟೆಗೆ ಕೊಕ್ಕೆ ಇಲ್ಲ. ಬೇಡದ್ದನ್ನು ನೋಡಿ ಹಾಗೇ ನದಿಗೆ ಬಿಡಬಹುದು. ಆರಿಸಿ ತಿನ್ನಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಹಿಡಿಯುವಾಗ ಬರಿಗೈ ಜಾರುತ್ತದೆ. ಬಿಡುವ ಮೀನಾದರೆ ಕೈ ಒದ್ದೆ ಮಾಡಿಕೊಂಡು, ಬಿಗಿ ಹಿಡಿಯದೆ ಎತ್ತಿ. ಆ ಲೋಳೆಯೇ ಅದಕ್ಕೆ ರಕ್ಷಣೆ.

ಯಾವ ನದಿ ಅನ್ನುವುದು ಮೀನಿನಷ್ಟೇ ಮುಖ್ಯ. ಹಾವುಮೀನು ತಳದಲ್ಲಿ ಇರುತ್ತದೆ, ವರ್ಷಗಟ್ಟಲೆ ಬದುಕುತ್ತದೆ, ಮೈಯಲ್ಲಿ ಕೊಬ್ಬು ಜಾಸ್ತಿ. ಕಾರ್ಖಾನೆಯಿಂದ ಬಂದ ಡಯಾಕ್ಸಿನ್, ಪಿಸಿಬಿ ತರಹದ ವಿಷಗಳು ಕೊಬ್ಬಿನಲ್ಲೇ ಶೇಖರವಾಗುತ್ತವೆ. ಪಾದರಸ ಮಾಂಸದಲ್ಲಿ ಸೇರುತ್ತದೆ. ನೆದರ್‌ಲ್ಯಾಂಡ್ಸ್ 2011ರಲ್ಲಿ ತನ್ನ ದೊಡ್ಡ ನದಿಗಳಲ್ಲಿ ಹಾವುಮೀನು ಹಿಡಿಯುವುದನ್ನು ನಿಷೇಧಿಸಿದ್ದು ಡಯಾಕ್ಸಿನ್ ಕಾರಣಕ್ಕೇ. ಬೇಯಿಸಿದರೆ ಇವು ಹೋಗುವುದಿಲ್ಲ. ಚರ್ಮ ಸುಲಿದು, ಕೊಬ್ಬು ತೆಗೆದರೆ ಪಿಸಿಬಿ ಸ್ವಲ್ಪ ಕಡಿಮೆಯಾಗುತ್ತದೆ. ಪಾದರಸ ಹಾಗೇ ಉಳಿಯುತ್ತದೆ. ಕಾರ್ಖಾನೆ, ದೊಡ್ಡ ಊರಿನ ಚರಂಡಿ, ಹಳೆಯ ಗಣಿ ಇವುಗಳ ಕೆಳಗಿನ ಹರಿವಿನ ಮೀನನ್ನು ತಿನ್ನಬೇಡಿ, ನೀರು ನೋಡಲು ತಿಳಿಯಾಗಿದ್ದರೂ ಅಷ್ಟೇ. ದೊಡ್ಡ ಮೀನನ್ನು ಬಿಡಿ ಅಂದೆನಲ್ಲ, ಇಲ್ಲೂ ಅದೇ ಮಾತು. ವಯಸ್ಸಾದಷ್ಟೂ ಈ ವಿಷಗಳು ಜಾಸ್ತಿ. ಬಸುರಿಯರಿಗೆ, ಹಾಲುಣಿಸುವವರಿಗೆ, ಚಿಕ್ಕ ಮಕ್ಕಳಿಗೆ ಕೊಡಬೇಡಿ. ಉಳಿದವರು ಅಪರೂಪಕ್ಕೊಮ್ಮೆ ತಿಂದರೆ ಸಾಕು.

ಮನೆಗೆ ತಂದ ಮೇಲೆ ಒಂದೆರಡು ದಿನ ಶುದ್ಧ ನೀರಿನಲ್ಲಿ, ನೀರು ಬದಲಿಸುತ್ತಾ ಇಟ್ಟರೆ ಕೆಸರಿನ ವಾಸನೆ ಕಡಿಮೆಯಾಗುತ್ತದೆ. ಪಾತ್ರೆಗೆ ಭದ್ರವಾದ ಮುಚ್ಚಳ ಇರಲಿ, ಗಾಳಿಯಾಡಲು ತೂತು ಇರಲಿ. ಇದು ಚರ್ಮದಿಂದಲೂ ಉಸಿರಾಡುತ್ತದೆ, ಒದ್ದೆ ನೆಲದ ಮೇಲೆ ಆರಾಮಾಗಿ ಹರಿದು ಹೋಗುತ್ತದೆ. ಆದರೆ ನೀರಿನಲ್ಲಿ ಇಟ್ಟದ್ದರಿಂದ ಪಾದರಸ, ಪಿಸಿಬಿ ಹೋಗುತ್ತದೆ ಅಂದುಕೊಳ್ಳಬೇಡಿ.

ಕೊಲ್ಲುವಾಗ ತಲೆಯ ಮೇಲೆ, ಕಣ್ಣಿನ ಸ್ವಲ್ಪ ಹಿಂದೆ, ಗಟ್ಟಿಯಾಗಿ ಏಟು ಕೊಟ್ಟು ಪ್ರಜ್ಞೆ ತಪ್ಪಿಸಿ. ತಕ್ಷಣ ತಲೆಯ ಹಿಂದೆ ಬೆನ್ನುಮೂಳೆ ಕತ್ತರಿಸಿ. ಜೀವಂತ ಮೀನನ್ನು ಉಪ್ಪಿನ ಡಬ್ಬಿಗೆ ಹಾಕಿ ಲೋಳೆ ತೆಗೆಯುವ ಪದ್ಧತಿ ಕೆಲವು ಕಡೆ ಇದೆ. ದಯವಿಟ್ಟು ಅದನ್ನು ಮಾಡಬೇಡಿ. ಅದು ಬಹಳ ಹೊತ್ತು ಒದ್ದಾಡಿ ಸಾಯುತ್ತದೆ. ಜರ್ಮನಿಯಲ್ಲಿ ಅದು ಕಾನೂನಿಗೇ ವಿರುದ್ಧ. ಸತ್ತ ಮೇಲೂ ಸ್ನಾಯುಗಳು ಬಹಳ ಹೊತ್ತು ಮಿಡುಕುತ್ತಿರುತ್ತವೆ. ಹೆದರಬೇಡಿ, ಮೂಳೆ ಸರಿಯಾಗಿ ಕತ್ತರಿಸಿದ್ದರೆ ಅದಕ್ಕೆ ನೋವಿಲ್ಲ.

ಸತ್ತ ಮೇಲೆ ಉಪ್ಪು ಬಳಸಿ. ಕಲ್ಲುಪ್ಪು ಹಾಕಿ ಒರಟು ಬಟ್ಟೆಯಿಂದ ತಲೆಯಿಂದ ಬಾಲದ ಕಡೆಗೆ ತಿಕ್ಕಿದರೆ ಲೋಳೆ ಗಂಟುಗಂಟಾಗಿ ಎದ್ದು ಬರುತ್ತದೆ. ತೊಳೆದು ಇನ್ನೊಂದು ಸಲ ತಿಕ್ಕಿ. ಸುಲಿಯುವುದಾದರೆ ತಲೆಯ ಹಿಂದೆ, ಪಕ್ಕದ ರೆಕ್ಕೆಗಿಂತ ಮುಂದೆ, ಚರ್ಮವನ್ನಷ್ಟೇ ಉಂಗುರದ ಹಾಗೆ ಸುತ್ತ ಕೊಯ್ಯಿರಿ. ತಲೆಗೆ ಹಗ್ಗ ಕಟ್ಟಿ ಮೊಳೆಗೆ ಸಿಕ್ಕಿಸಿ. ಚಾಕುವಿನ ತುದಿಯಿಂದ ಚರ್ಮದ ಅಂಚನ್ನು ಸುತ್ತಲೂ ಬಿಡಿಸಿಕೊಂಡು, ಇಕ್ಕಳದಲ್ಲಿ ಹಿಡಿದು ಬಾಲದ ಕಡೆಗೆ ಎಳೆಯಿರಿ. ಮೊದಲ ಎರಡು ಬೆರಳಿನಷ್ಟು ಕಷ್ಟ, ಆಮೇಲೆ ಕಾಲುಚೀಲ ತೆಗೆದ ಹಾಗೆ ಒಂದೇ ಎಳೆತಕ್ಕೆ ಬರುತ್ತದೆ.

ಹೊಟ್ಟೆ ಸೀಳುವಾಗ ಹೆಚ್ಚಿನವರು ಮಲದ್ವಾರದವರೆಗೆ ಕೊಯ್ದು ನಿಲ್ಲಿಸುತ್ತಾರೆ. ಹಾವುಮೀನಿಗೆ ಅದು ಸಾಲದು. ಇದರ ಮೂತ್ರಪಿಂಡ ಅಲ್ಲಿಂದ ಆಚೆಗೂ ಚಾಚಿರುತ್ತದೆ. ಇನ್ನೂ ಎರಡು ಬೆರಳು ಬಾಲದ ಕಡೆಗೆ ಕೊಯ್ದು, ಬೆನ್ನುಮೂಳೆಗೆ ಅಂಟಿಕೊಂಡ ಆ ಕಪ್ಪು ಕೆಂಪು ಪಟ್ಟಿಯನ್ನು ಉಗುರಿನಿಂದಲೋ ಚಮಚದಿಂದಲೋ ಕೆರೆದು ತೆಗೆಯಿರಿ. ಕಹಿ ಬರುವುದು ಜಾಸ್ತಿ ಇಲ್ಲಿಂದ ಮತ್ತು ಒಡೆದ ಪಿತ್ತಕೋಶದಿಂದ. ಉಳಿದ ರಕ್ತವನ್ನೆಲ್ಲ ತಣ್ಣೀರಿನಲ್ಲಿ ತೊಳೆಯಿರಿ.

ಈ ಕೆಲಸಕ್ಕೆ ಕೈಗವಸು ಹಾಕಿಕೊಳ್ಳಿ, ಯಾಕೆಂದರೆ ವಿಷದ ಮಾತು ಇಲ್ಲಿಗೇ ಸೇರಿದ್ದು. ಇಟಲಿಯ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ 1888ರಲ್ಲಿ ಹಾವುಮೀನಿನ ರಕ್ತದಲ್ಲಿ ವಿಷ ಇದೆ ಅಂತ ತೋರಿಸಿದರು. ಪ್ರಾಣಿಗಳ ಮೈಗೆ ಚುಚ್ಚಿದರೆ ಅದು ಸಾಯಿಸುತ್ತದೆ. ಆದರೆ ಅದು ಪ್ರೋಟೀನು. ಬಿಸಿಗೆ ನಿಲ್ಲುವುದಿಲ್ಲ, ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಟ್ಟುಹೋಗುತ್ತದೆ. ಹಾಗಾಗಿ ಪೂರ್ತಿ ಬೆಂದ ಮೀನಿನಲ್ಲಿ ಆ ಭಯವಿಲ್ಲ. ಅಪಾಯ ಇರುವುದು ಶುಚಿ ಮಾಡುವವರಿಗೆ. ಹಸಿ ರಕ್ತ ಕಣ್ಣಿಗೆ ಸಿಡಿದರೆ ಉರಿ, ಊತ, ವಿಪರೀತ ನೀರು ಸುರಿಯುತ್ತದೆ. ಕೂಡಲೇ ಸಾಕಷ್ಟು ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಕೈಯಲ್ಲಿ ಗಾಯ ಇದ್ದರೆ ಆ ದಿನ ಬೇರೆಯವರಿಗೆ ಚಾಕು ಕೊಡಿ. ಹಸಿ ರಕ್ತ ಕುಡಿದರೆ ಶಕ್ತಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಸಿಯಾಗಿ, ನಿಂಬೆಹುಳಿಯಲ್ಲಿ ನೆನೆಸಿಟ್ಟು ತಿನ್ನುವುದೂ ಬೇಡ. ಹುಳಿಯಿಂದ ಮೀನು ಬೆಳ್ಳಗಾಗುತ್ತದೆ ಅಷ್ಟೇ, ಬೆಂದಂತಾಗುವುದಿಲ್ಲ.

ಅಡುಗೆಯಲ್ಲಿ ನೆನಪಿಡಬೇಕಾದ್ದು ಕೊಬ್ಬು. 100 ಗ್ರಾಂ ಹಸಿ ಮಾಂಸದಲ್ಲಿ ಸುಮಾರು 18 ಗ್ರಾಂ ಪ್ರೋಟೀನು, 12 ಗ್ರಾಂ ಆಸುಪಾಸು ಕೊಬ್ಬು ಇರುತ್ತದೆ. ವಿಟಮಿನ್ ಎ ಧಾರಾಳ. ಜೋರು ಉರಿಯಲ್ಲಿ ಹಾಕಿದರೆ ಹೊರಗೆ ಕರಕಲು, ಒಳಗೆ ಹಸಿ. ಬೆರಳುದ್ದದ ತುಂಡು ಮಾಡಿ, ಮೊದಲು ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿ. ಕೊಬ್ಬು ಕರಗಿ ಕೆಳಗೆ ಇಳಿಯುತ್ತದೆ, ಆ ನೀರನ್ನು ಚೆಲ್ಲಿ. ಆಮೇಲೆ ಕೆಂಡದ ಮೇಲೋ ಬಾಣಲೆಯಲ್ಲೋ ಸಣ್ಣ ಉರಿಯಲ್ಲಿ ಹೊರಮೈ ಗರಿಗರಿ ಮಾಡಿ. ಮಸಾಲೆ ನಿಮ್ಮಿಷ್ಟ, ಆದರೆ ಹುಳಿ ಮಾತ್ರ ಬಿಡಬೇಡಿ. ಅದು ಜಿಡ್ಡನ್ನೂ ಮುರಿಯುತ್ತದೆ, ಕೆಸರಿನ ವಾಸನೆಯನ್ನೂ ತಗ್ಗಿಸುತ್ತದೆ. ಎಣ್ಣೆ ಹೆಚ್ಚು ಬೇಕಾಗಿಲ್ಲ. ಬೆಂದಿದೆಯಾ ಅಂತ ನೋಡಲು ಅತಿ ದಪ್ಪ ತುಂಡನ್ನು ಬಿಡಿಸಿ. ಮಾಂಸ ಪೂರ್ತಿ ಬೆಳ್ಳಗಾಗಿ ನಡು ಮೂಳೆಯಿಂದ ತಾನಾಗಿ ಬಿಡಬೇಕು, ಮೂಳೆಯ ಪಕ್ಕ ಕೆಂಪು ಕಾಣಬಾರದು. ಸಣ್ಣ ಮುಳ್ಳುಗಳಿವೆ, ಮೊದಲ ಸಲ ನಿಧಾನವಾಗಿ ತಿನ್ನಿ.

ಉಳಿದರೆ ಫ್ರೀಜರಿನಲ್ಲಿ ಇಡಬಹುದು. ಗಾಳಿ ಹೋಗದಂತೆ ಬಿಗಿಯಾಗಿ ಸುತ್ತಿ. ಕೊಬ್ಬಿನ ಮೀನಾದ್ದರಿಂದ ಎರಡು ಮೂರು ತಿಂಗಳೊಳಗೆ ಮುಗಿಸಿಬಿಡಿ, ಆಮೇಲೆ ಕಮಟು ವಾಸನೆ ಬರುತ್ತದೆ.